ಮಂತ್ರಿಯನ್ನು ಕೇಳುವವರು ಯಾರು?

(ಮಾರ್ಕೋನಹಳ್ಳಿಯ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಇಂದಿನ ಸಭೆಗೆ ಗಿರಣಿ ಕೆಲಸಗಾರರು ಬಂದಿದ್ದೀರಿ, ಸಂತೆಯಲ್ಲಿ ಅಂಗಡಿ ಹೂಡುವವರು ಬಂದಿದ್ದೀರಿ, ಅಚ್ಚುಕಟ್ಟಿನ ರೈತರೂ ಇದ್ದೀರಿ. ನಮಗೆ ಗೊತ್ತುಮಾಡಿಕೊಟ್ಟ ವಿಷಯ, ಶಾಸನಸಭೆಗಳಲ್ಲಿ ಮಂತ್ರಿಗಳನ್ನು ಪ್ರಶ್ನಿಸುವ ಹಕ್ಕು. ಇದು ದಿಲ್ಲಿಯ ದೊಡ್ಡವರ ವಿಷಯ, ನಮಗೇನು ಎಂದು ಕೆಲವರಿಗೆ ಅನಿಸಬಹುದು. ಹಾಗಲ್ಲ. ರಕ್ಷಣೆ, ರೈಲು, ಪರದೇಶದ ವ್ಯವಹಾರ, ಕಾಡು, ನೀರು, ಇವು ಐದೂ ನಮ್ಮ ಮನೆಯ ಒಲೆಯವರೆಗೆ ಬಂದು ಮುಟ್ಟುವ ಸಂಗತಿಗಳು. ಅದನ್ನೇ ತೋರಿಸಿಕೊಡಬೇಕೆಂದು ನಾವು ಬಂದಿದ್ದೇವೆ.

ಇಲ್ಲಿನ ಅಣೆಕಟ್ಟನ್ನು ನೀವೆಲ್ಲ ದಿನವೂ ನೋಡುತ್ತೀರಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ್ದು. ನಡುವೆ 139 ಮೀಟರು ಕಲ್ಲುಕಟ್ಟಡ, ಎರಡು ಕಡೆಗೂ ಮಣ್ಣಿನ ಏರಿ. ಸುಮಾರು 15 ಸಾವಿರ ಎಕರೆಗೆ ನೀರುಣಿಸಲೆಂದು ಮಾಡಿದ ಯೋಜನೆ. ಅದರ ವಿಶೇಷ ಸೈಫನ್ನು. ನೀರು ಒಂದು ಮಟ್ಟಕ್ಕೆ ಏರಿದರೆ ಸಾಕು, ಯಾರ ಅಪ್ಪಣೆಯೂ ಬೇಡ, ಅದು ತಾನೇ ನೀರನ್ನು ಎಳೆದು ಹೊರಗೆ ಹಾಕುತ್ತದೆ. ಮಟ್ಟ ಇಳಿದರೆ ಗಾಳಿ ಹೊಕ್ಕು ತಾನೇ ನಿಲ್ಲುತ್ತದೆ. ಸರ್ಕಾರಕ್ಕೆ ಅಂಥ ಸೈಫನ್ನು ಇಲ್ಲ. ತಪ್ಪು ಎಷ್ಟು ತುಂಬಿದರೂ ಅದು ತಾನಾಗಿ ಹೊರಗೆ ಬೀಳುವುದಿಲ್ಲ. ಯಾರಾದರೂ ಎದ್ದು ನಿಂತು ಕೇಳಬೇಕು.

ಕೇಳುವ ಹಕ್ಕು ನಮಗೆ ಸುಮ್ಮನೆ ಬಂದದ್ದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ತಾಲ್ಲೂಕುಗಳಿಂದ ಹೋದ ಜಮೀನುದಾರರು, ವರ್ತಕರು ಅಲ್ಲಿ ಕುಳಿತು ದಿವಾನರ ವರದಿಯನ್ನು ಕೇಳಿದರು, ತಮ್ಮ ಅಹವಾಲನ್ನು ಹೇಳಿಕೊಂಡರು. ಹೇಳಿಕೊಳ್ಳುವುದು ಬೇರೆ, ಉತ್ತರ ಪಡೆಯುವುದು ಬೇರೆ. ಅಹವಾಲಿಗೆ ದಿವಾನರು ದಯೆಯಿಂದ ಉತ್ತರ ಕೊಡಬಹುದು, ಕೊಡದೆಯೂ ಇರಬಹುದು. ಬ್ರಿಟಿಷ್ ಇಂಡಿಯಾದ ಶಾಸನಸಭೆಗಳಲ್ಲಿ ಸದಸ್ಯರು ಪ್ರಶ್ನೆ ಕೇಳಬಹುದೆಂದು ಕಾನೂನಾದದ್ದು 1892ರಲ್ಲಿ. ಆಗಲೂ ಉಪಪ್ರಶ್ನೆ ಕೇಳುವಂತಿರಲಿಲ್ಲ. ಮಂತ್ರಿ ಕೊಟ್ಟ ಉತ್ತರದಲ್ಲಿ ಹುಳುಕಿದ್ದರೆ ಅದನ್ನು ಹಿಡಿದು ಎಳೆಯುವ ಕೊಕ್ಕೆಯೇ ಉಪಪ್ರಶ್ನೆ. ಆ ಕೊಕ್ಕೆ ಕೈಗೆ ಬರಲು 1909ರವರೆಗೆ ಕಾಯಬೇಕಾಯಿತು.

ಈಗಿನ ಕ್ರಮ ಹೀಗಿದೆ. ಲೋಕಸಭೆ ಸೇರಿದ ದಿನ ಮೊದಲ ಗಂಟೆ ಪ್ರಶ್ನೆಗಳದು. ಇಲಾಖೆಗಳನ್ನು ಐದು ಗುಂಪು ಮಾಡಿ, ವಾರದ ಒಂದೊಂದು ದಿನಕ್ಕೆ ಒಂದೊಂದು ಗುಂಪು ಉತ್ತರಿಸಬೇಕೆಂದು ಗೊತ್ತುಮಾಡಿದ್ದಾರೆ. ಸದಸ್ಯರು 15 ದಿನ ಮುಂಚೆ ಬರೆದು ಕೊಡಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಬಾಯಿಂದ ಉತ್ತರ ಹೇಳಬೇಕು. ಅದಕ್ಕೆ ಉಪಪ್ರಶ್ನೆ ಉಂಟು. ಇಂಥವು ದಿನಕ್ಕೆ 20. ಚುಕ್ಕೆಯಿಲ್ಲದ ಪ್ರಶ್ನೆಗೆ ಬರವಣಿಗೆಯ ಉತ್ತರ. ಅವು ದಿನಕ್ಕೆ 230. ಬಂದ ಪ್ರಶ್ನೆಗಳು ಹೆಚ್ಚಾದ್ದರಿಂದ ಚೀಟಿ ಎತ್ತಿ ಸರದಿ ಗೊತ್ತುಮಾಡುತ್ತಾರೆ. ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಹುಡುಗರಿಗೆ ಹೇಳುತ್ತಿದ್ದೆವು: ಉತ್ತರ ಬರೆಯುವುದು ಸುಲಭ, ಪ್ರಶ್ನೆ ಬರೆಯುವುದೇ ಕಷ್ಟ ಎಂದು. ಆ ಮಾತು ಲೋಕಸಭೆಗೂ ಸಲ್ಲುತ್ತದೆ.

ಒಂದು ಪ್ರಶ್ನೆ ಏನು ಮಾಡಬಲ್ಲುದು? 1957ರ ಸಂಗತಿ ಹೇಳುತ್ತೇವೆ. ಜೀವವಿಮೆಯನ್ನು ರಾಷ್ಟ್ರೀಕರಣ ಮಾಡಿ ಒಂದು ವರ್ಷವಾಗಿತ್ತು. ಬಡ ಗುಮಾಸ್ತರು, ಉಪಾಧ್ಯಾಯರು ತಿಂಗಳು ತಿಂಗಳು ಕಟ್ಟಿದ ಹಣದಲ್ಲಿ ಸುಮಾರು ಒಂದೂಕಾಲು ಕೋಟಿ ರೂಪಾಯಿ ಹರಿದಾಸ ಮುಂಧ್ರಾ ಎಂಬ ವ್ಯಾಪಾರಿಯ ಕಂಪೆನಿಗಳ ಷೇರುಗಳಿಗೆ ಹೋಗಿದೆ ಎಂಬ ಸುದ್ದಿ ಹಬ್ಬಿತು. ಲೋಕಸಭೆಯಲ್ಲಿ ಪ್ರಶ್ನೆ ಬಂತು. ಸರಿಯಾದ ಉತ್ತರ ಬರಲಿಲ್ಲ. ಆಗ ಎದ್ದು ನಿಂತವರು ಫಿರೋಜ್ ಗಾಂಧಿ. ಆಳುವ ಪಕ್ಷದ ಸದಸ್ಯರು, ಪ್ರಧಾನಮಂತ್ರಿಯ ಅಳಿಯ. ಪಕ್ಷವನ್ನೂ ನೋಡಲಿಲ್ಲ, ನೆಂಟಸ್ತಿಕೆಯನ್ನೂ ನೋಡಲಿಲ್ಲ. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಛಾಗ್ಲಾ ಅವರ ವಿಚಾರಣೆ ಬಹಿರಂಗವಾಗಿ ನಡೆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸಿನ ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಕೇಳುವವನಿಗೆ ಪಕ್ಷ ಅಡ್ಡ ಬರಬಾರದು ಎನ್ನುವುದು ಇದರ ಪಾಠ. ಇಂದು ಆಳುವ ಪಕ್ಷದಲ್ಲಿದ್ದು ತನ್ನ ಮಂತ್ರಿಯನ್ನೇ ಹಾಗೆ ಹಿಡಿದು ಕೇಳುವವರು ಎಷ್ಟು ಮಂದಿ ಇದ್ದಾರೆ, ನೀವೇ ಎಣಿಸಿರಿ.

1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಲೋಕಸಭೆಗೆ ಬಂದರು. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದು ಹೇಳಿದರು. ಸರ್ಕಾರ ಹದಿನೈದಾಣೆ ಎಂದಿತು. ಮೂರೋ ಹದಿನೈದೋ ಎಂಬ ವಾದ ದೇಶವನ್ನೆಲ್ಲ ಹಬ್ಬಿತು. ಬಡವನ ದಿನದ ಆದಾಯ ಎಷ್ಟು ಎಂಬ ಲೆಕ್ಕವನ್ನು ಸಭೆಯ ಮುಂದೆ ಇಟ್ಟು ಸಮರ್ಥಿಸಿಕೊಳ್ಳಬೇಕಾದ ಹೊಣೆ ಸರ್ಕಾರದ ತಲೆಗೆ ಬಂತು. ಅದೇ ಗೆಲುವು.

ಈಗ ರಕ್ಷಣೆಯ ವಿಷಯ. ಸೈನ್ಯದ ಮಾತು ಬಂದಕೂಡಲೇ ಬಾಯಿ ಮುಚ್ಚಬೇಕು ಎನ್ನುವವರಿದ್ದಾರೆ. ಸೈನಿಕನ ಗುಟ್ಟು ಬೇರೆ, ಮಂತ್ರಿಯ ಗುಟ್ಟು ಬೇರೆ. ಅಕ್ಸಾಯ್ ಚಿನ್ನಿನಲ್ಲಿ ಚೀನದವರು ರಸ್ತೆ ಹಾಕಿದ ವಿಷಯ ಸರ್ಕಾರಕ್ಕೆ ಗೊತ್ತಿತ್ತು. 1958ರ ಅಕ್ಟೋಬರಿನಲ್ಲೇ ಪ್ರತಿಭಟನೆಯ ಪತ್ರ ಹೋಗಿತ್ತು. ಸಂಸತ್ತಿಗೆ ಅದು ಬಹಿರಂಗವಾದದ್ದು 1959ರ ಆಗಸ್ಟಿನಲ್ಲಿ, ಸದಸ್ಯರು ಗಡಿಯ ವಿಚಾರವಾಗಿ ಒತ್ತಾಯ ಮಾಡಿ ಕೇಳಿದ ಮೇಲೆ. ಮುಂದಿನ ಕಥೆ ನಿಮಗೆ ಗೊತ್ತು. 1962ರ ಅಕ್ಟೋಬರಿನಲ್ಲಿ ಯುದ್ಧ ಬಂತು. ನವೆಂಬರಿನಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಹೋಗಬೇಕಾಯಿತು. ಆ ಯುದ್ಧದ ಹೊತ್ತಿನಲ್ಲಿ ಪ್ರಶ್ನೋತ್ತರದ ಗಂಟೆಯನ್ನು ನಿಲ್ಲಿಸಿದರು; ಆದರೂ ಸಭೆ ಸೇರಿತು, ಮಂತ್ರಿಮಂಡಲವನ್ನು ಸದಸ್ಯರು ಮುಖಕ್ಕೆ ಮುಖ ಕೊಟ್ಟು ಟೀಕಿಸಿದರು. ಅದರಿಂದ ದೇಶ ಕೆಡಲಿಲ್ಲ. ಮುಂಚಿನಿಂದ ಕೇಳದೆ ಬಿಟ್ಟದ್ದರಿಂದ ಕೆಟ್ಟಿತ್ತು.

ಇದೇ ನಮ್ಮ ಜಿಲ್ಲೆಗೆ ಬನ್ನಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. ಪ್ರಧಾನಮಂತ್ರಿಗಳು ಅಡಿಗಲ್ಲು ಇಟ್ಟದ್ದು 2016ರ ಜನವರಿ 3. ಉದ್ಘಾಟನೆ ಮಾಡಿದ್ದು 2023ರ ಫೆಬ್ರವರಿ 6. ಕಲ್ಲಿಗೂ ಕಾರ್ಖಾನೆಗೂ ನಡುವೆ ಏಳು ವರ್ಷ. ಮೊದಲು ವರ್ಷಕ್ಕೆ 30 ಹೆಲಿಕಾಪ್ಟರು, ಮುಂದೆ 60, ಆಮೇಲೆ 90 ಎಂದು ಹೇಳಿದ್ದಾರೆ. ಕಾರ್ಖಾನೆ ಬರಲಿ, ಬೇಡವೆಂದವರು ಯಾರು? ಆದರೆ ಕಾವಲು ಎಂದರೆ ದನ ಮೇಯುವ ನೆಲ. ಮೇವು ಕಳೆದುಕೊಂಡ ಹಳ್ಳಿಯ ಹುಡುಗರಿಗೆ ಎಷ್ಟು ಕೆಲಸ ಸಿಕ್ಕಿತು? ಅದರಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು? ಇದರಲ್ಲಿ ಸೈನ್ಯದ ಯಾವ ಗುಟ್ಟೂ ಇಲ್ಲ. ಇದನ್ನು ಕೇಳಿಸಬೇಕಾದವರು ನಾವು.

ಎಚ್.ಎ.ಎಲ್.ನ ಮಾತು ಬಂದದ್ದರಿಂದ ಇನ್ನೊಂದು ಹೇಳಬೇಕು. 2019ರ ಜನವರಿಯಲ್ಲಿ ರಕ್ಷಣಾ ಮಂತ್ರಿ ನಿರ್ಮಲಾ ಸೀತಾರಾಮನ್ ಲೋಕಸಭೆಯಲ್ಲಿ, ಎಚ್.ಎ.ಎಲ್.ಗೆ ಒಂದು ಲಕ್ಷ ಕೋಟಿ ರೂಪಾಯಿಯ ಕೆಲಸ ಎಂದರು. ವಿರೋಧ ಪಕ್ಷದ ರಾಹುಲ್ ಗಾಂಧಿ, ದಾಖಲೆ ಇಡಿ, ಇಲ್ಲವೇ ರಾಜೀನಾಮೆ ಕೊಡಿ ಎಂದರು. ಆಗ ಲೆಕ್ಕ ಬಿಡಿಸಿ ಹೇಳಬೇಕಾಯಿತು: 2014ರಿಂದ 2018ರವರೆಗೆ ಸಹಿಯಾದ ಕರಾರು 26,570 ಕೋಟಿ, ಮಿಕ್ಕ ಸುಮಾರು 73 ಸಾವಿರ ಕೋಟಿಯದು ಇನ್ನೂ ಆಗಬೇಕಾದ ಮಾತು. ಸಹಿಯಾದದ್ದಕ್ಕೂ ಆಗಬೇಕಾದದ್ದಕ್ಕೂ ಇರುವ ಅಂತರ ಸಣ್ಣದಲ್ಲ. ಸಂಬಳ ಕೈಗೆ ಬಂದದ್ದಕ್ಕೂ ಬರಬಹುದು ಎನ್ನುವುದಕ್ಕೂ ಇರುವ ಅಂತರ ಗಿರಣಿಯವರಿಗೆ ಬಿಡಿಸಿ ಹೇಳಬೇಕೆ? ಆ ಕರಾರುಗಳಲ್ಲಿ ದೊಡ್ಡದಾದ ತೇಜಸ್ ವಿಮಾನದ್ದು ಸಹಿಯಾದದ್ದು 2021ರ ಫೆಬ್ರವರಿಯಲ್ಲಿ.

ಇನ್ನು ರೈಲು. 1956ರ ನವೆಂಬರಿನಲ್ಲಿ ಮದರಾಸು ಪ್ರಾಂತದ ಅರಿಯಲೂರಿನಲ್ಲಿ ರೈಲು ಉರುಳಿ ನೂರಕ್ಕೂ ಹೆಚ್ಚು ಜನ ಸತ್ತಾಗ ರೈಲ್ವೆ ಮಂತ್ರಿ ಲಾಲ್ ಬಹಾದೂರ್ ಶಾಸ್ತ್ರಿ ತಾವೇ ಹೊಣೆ ಹೊತ್ತು ಕುರ್ಚಿ ಬಿಟ್ಟರು. ಅಂಥ ಮರ್ಯಾದೆ ಎಲ್ಲರಲ್ಲೂ ಇರುವುದಿಲ್ಲ. ಇಲ್ಲದ ಕಡೆ ಪ್ರಶ್ನೆಯೇ ಗತಿ. ನಮ್ಮ ಕುಣಿಗಲ್ಲಿನ ಮೇಲೆ ಹೋಗುವ ಬೆಂಗಳೂರು–ಹಾಸನ ಮಾರ್ಗ ಮಂಜೂರಾದದ್ದು 1996–97ರಲ್ಲಿ. ಬೆಂಗಳೂರಿನಿಂದ ನೇರ ಹಾಸನಕ್ಕೆ ರೈಲು ಓಡಿದ್ದು 2017ರ ಮಾರ್ಚಿನಲ್ಲಿ. ಮಂಜೂರಾದ ವರ್ಷ ಹುಟ್ಟಿದ ಮಗು ಇಪ್ಪತ್ತು ವರ್ಷದ ಆಳಾಗಿ ಅದರಲ್ಲಿ ಕುಳಿತಿತು. ತುಮಕೂರು–ರಾಯದುರ್ಗ ಮಾರ್ಗ 2007–08ರಲ್ಲಿ, ತುಮಕೂರು–ದಾವಣಗೆರೆ ಮಾರ್ಗ 2011–12ರಲ್ಲಿ ಬಜೆಟ್ಟು ಕಂಡವು. ಹತ್ತು ವರ್ಷ ಕಳೆದರೂ ಎರಡೂ ಮುಗಿದಿರಲಿಲ್ಲ. ನೆಲ ಕೊಡುವುದು ರಾಜ್ಯದ ಕೆಲಸ ಎಂದು ದಿಲ್ಲಿ, ಹಣ ಬರಲಿಲ್ಲವೆಂದು ಬೆಂಗಳೂರು. ಹೀಗೆ ಒಬ್ಬರ ಮೇಲೊಬ್ಬರು ಹಾಕುವಾಗ ಎರಡು ಸಭೆಯಲ್ಲೂ ಒಂದೇ ವಾರ ಒಂದೇ ಪ್ರಶ್ನೆ ಕೇಳಿಸಬೇಕು. ಆಗ ಎರಡು ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. 2024ರ ಜೂನಿನಲ್ಲಿ ತುಮಕೂರಿನ ಸದಸ್ಯರಾದ ವಿ. ಸೋಮಣ್ಣ ರೈಲ್ವೆ ಇಲಾಖೆಯ ರಾಜ್ಯ ಮಂತ್ರಿಯಾದರು. ಊರಿನವರಿಗೆ ಸಂತೋಷವಾಯಿತು, ಆಗಬೇಕಾದ್ದೇ. ಆದರೆ ಮಂತ್ರಿಯಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ನಮ್ಮ ಸದಸ್ಯರು ಮಂತ್ರಿಯಾದ ದಿನವೇ ಸಭೆಯಲ್ಲಿ ನಮ್ಮ ಪ್ರಶ್ನೆ ಕೇಳುವ ಬಾಯಿ ಒಂದು ಕಡಿಮೆಯಾಯಿತು ಎಂದು ತಿಳಿಯಬೇಕು. ಆದರೆ ಕುಣಿಗಲ್ ತಾಲ್ಲೂಕು ಸೇರಿರುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ. ಗುಬ್ಬಿಯೂ ತುಮಕೂರು ನಗರವೂ ತುಮಕೂರು ಕ್ಷೇತ್ರಕ್ಕೆ. ಅಂದರೆ ಮಾರ್ಕೋನಹಳ್ಳಿಯವರು ತಮ್ಮ ಸದಸ್ಯರಿಂದ ಕೇಳಿಸಿ, ತುಮಕೂರಿನವರಿಗೂ ಉಪಕಾರ ಮಾಡಬಹುದು. ನೆರೆಹೊರೆ ಎಂದರೆ ಇದೇ.

ವಿದೇಶಾಂಗ ಎಂದರೆ ರಾಯಭಾರಿಗಳ ಚಹಾಕೂಟ ಎಂದು ತಿಳಿಯಬೇಡಿ. ಅಡಿಕೆ ವ್ಯಾಪಾರಿಗಳು ಇಲ್ಲಿದ್ದೀರಿ. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಭೂತಾನದಿಂದ ವರ್ಷಕ್ಕೆ 17 ಸಾವಿರ ಟನ್ನು ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಕಟ್ಟಿಲ್ಲದೆ ತರಲು ಅಪ್ಪಣೆ ಕೊಟ್ಟಿತು. ನೆರೆಯ ದೇಶದ ಸ್ನೇಹ ಒಳ್ಳೆಯದೇ. ಆ ಸ್ನೇಹದ ಬೆಲೆಯನ್ನು ಯಾರು ತೆರಬೇಕು ಎಂಬುದನ್ನು ಕೇಳಿದವರಾರು? ಮಲೆನಾಡು, ಕರಾವಳಿಯಲ್ಲಿ ಕೂಗೆದ್ದಿತು. 2023ರ ಫೆಬ್ರವರಿಯಲ್ಲಿ ಇತರ ಆಮದಿನ ಕನಿಷ್ಠ ಬೆಲೆಯನ್ನು ಕಿಲೋವಿಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಹಾಗೆಯೇ 2022ರ ಮಾರ್ಚಿ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಷೆಲ್ಲಿಗೆ ಸಿಕ್ಕಿ ಸತ್ತ. ಸುಮಾರು 22,500 ಭಾರತೀಯರನ್ನು ಅಲ್ಲಿಂದ ಕರೆತಂದೆವೆಂದು ಮಂತ್ರಿಗಳು ಸಂಸತ್ತಿಗೆ ಹೇಳಿದರು. ಕರೆತಂದದ್ದು ಸರಿ. ಡಾಕ್ಟರಿಕೆ ಓದಲು ನಮ್ಮ ಮಕ್ಕಳು ಅಷ್ಟು ದೂರ ಏಕೆ ಹೋಗಬೇಕಾಯಿತು? ಅದು ವಿದೇಶಾಂಗದ ಮಂತ್ರಿಗೆ ಕೇಳುವ ಪ್ರಶ್ನೆಯಲ್ಲ, ಆರೋಗ್ಯದ ಮಂತ್ರಿಗೆ. ಯಾವ ಪ್ರಶ್ನೆ ಯಾರ ಬಾಗಿಲಿಗೆ ಎಂಬುದನ್ನು ತಿಳಿಯುವುದೇ ಅರ್ಧ ಕೆಲಸ.

ಪರಿಸರದ ವಿಷಯಕ್ಕೆ ಬಂದರೆ, ಈ ಶಿಂಷೆ ಹೋಗಿ ಸೇರುವುದು ಕಾವೇರಿಗೆ. ಆದ್ದರಿಂದ ಮಾರ್ಕೋನಹಳ್ಳಿಯ ನೀರು ಕಾವೇರಿಯ ಲೆಕ್ಕದ ನೀರು. 1990ರಲ್ಲಿ ನ್ಯಾಯಮಂಡಳಿ ಆಯಿತು, 2007ರಲ್ಲಿ ತೀರ್ಪು ಬಂತು, 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 270ರಿಂದ 284.75 ಟಿ.ಎಂ.ಸಿ.ಗೆ ಏರಿಸಿತು. ಮೇಕೆದಾಟು ಅಣೆಕಟ್ಟಿನ ಪ್ರಸ್ತಾವ ನೀರಾವರಿಯವರ ಮೇಜಿನಿಂದ ಅರಣ್ಯ ಪರಿಸರದವರ ಮೇಜಿಗೂ ಹೋಗಬೇಕು, ಏಕೆಂದರೆ ಕಾವೇರಿ ವನ್ಯಜೀವಿ ಧಾಮದ ಕಾಡು ಮುಳುಗುತ್ತದೆ. ನೀರು ಬೇಕು ಎನ್ನುವವರೂ ಕಾಡು ಉಳಿಯಲಿ ಎನ್ನುವವರೂ ಸ್ಪಷ್ಟ ಲೆಕ್ಕ ಕೇಳುವುದು ನ್ಯಾಯ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ 2024ರ ಜುಲೈವರೆಗೆ ಆರು ಸಲ ಹೊರಟಿತು. ಹತ್ತು ವರ್ಷದಲ್ಲಿ ಆರು ಕರಡು! ಬೇಕೆಂದೂ ಹೇಳದೆ, ಬೇಡವೆಂದೂ ಹೇಳದೆ ಕಾಲ ನೂಕುವ ವಿದ್ಯೆ ಇದು. ಅಷ್ಟರಲ್ಲಿ ಘಟ್ಟದ ರೈತ ತನ್ನ ತೋಟದ ಗತಿ ಏನೆಂದು ತಿಳಿಯದೆ ಕುಳಿತಿದ್ದಾನೆ.

ಎಲ್ಲವನ್ನೂ ದಿಲ್ಲಿಗೆ ಹೊತ್ತು ಹಾಕುವುದೂ ತಪ್ಪು. ಹೇಮಾವತಿ ನೀರನ್ನು ಕುಣಿಗಲ್ ಕಡೆಗೆ ನೇರ ತರುವ ಎಕ್ಸ್‌ಪ್ರೆಸ್ ಕಾಲುವೆಯ ವಿಷಯದಲ್ಲಿ 2025ರಲ್ಲಿ ಗುಬ್ಬಿ ಕಡೆಯ ರೈತರು ಬೀದಿಗೆ ಬಂದರು. ಇತ್ತ ಕುಣಿಗಲ್ಲಿನವರು ನಮ್ಮ ಪಾಲು ನಮಗೆ ಬರಲಿ ಎಂದರು. ಇಬ್ಬರೂ ರೈತರೇ, ಇಬ್ಬರದೂ ಬಾಯಾರಿಕೆಯೇ. ಈ ಜಗಳವನ್ನು ಕಾಲುವೆಯ ದಂಡೆಯಲ್ಲಿ ತೀರಿಸಿಕೊಳ್ಳಲು ಹೋದರೆ ರೈತ ರೈತನನ್ನು ಹೊಡೆಯುತ್ತಾನೆ. ವಿಧಾನಸೌಧದಲ್ಲಿ ಎರಡು ತಾಲ್ಲೂಕಿನ ಶಾಸಕರೂ ಒಂದೇ ಪ್ರಶ್ನೆ ಕೇಳಲಿ: ಯಾವ ತಾಲ್ಲೂಕಿಗೆ ಮಂಜೂರಾದ ನೀರು ಎಷ್ಟು, ವರ್ಷವರ್ಷ ನಿಜವಾಗಿ ಹರಿದದ್ದು ಎಷ್ಟು? ಅಂಕಿ ಮೇಜಿನ ಮೇಲೆ ಬಿದ್ದರೆ ಅರ್ಧ ಜಗಳ ಅಲ್ಲಿಗೇ ತಣ್ಣಗಾಗುತ್ತದೆ. ಆಗಲೂ ಉಳಿದ ಅರ್ಧಕ್ಕೆ ಯಾರು ಹೊಣೆ ಎಂಬುದು ಗೊತ್ತಾಗುತ್ತದೆ.

ನಮಗೆ ಇಂಗ್ಲಿಷು ಬಾರದು, ಹಿಂದಿ ಬಾರದು ಎಂದು ಹಿಂಜರಿಯಬೇಡಿ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಸಮಾಜವಾದಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ಕನ್ನಡದಲ್ಲೇ ಮಾತಾಡಿದರು. ಗದ್ದಲವಾಯಿತು, ಕೊನೆಗೆ ಸಭೆ ಕೇಳಿತು. ಅದೇ 1967ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಾರ್ಮಿಕ ಮುಂದಾಳು ಜಾರ್ಜ್ ಫರ್ನಾಂಡಿಸ್ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿ ಅದೇ ಸಭೆಗೆ ಹೋದರು. ಮಂತ್ರಿಗಳ ನಿದ್ದೆಗೆಡಿಸಿದವರು ಅವರು. ಮುಂದೆ ಅವರೇ ರೈಲ್ವೆ ಮಂತ್ರಿಯಾದರು, ರಕ್ಷಣಾ ಮಂತ್ರಿಯಾದರು. 2001ರಲ್ಲಿ ಶಸ್ತ್ರ ಖರೀದಿಯ ಲಂಚದ ವಿಷಯ ಬಯಲಾದಾಗ ಅವರೂ ಉತ್ತರ ಹೇಳಬೇಕಾಯಿತು. ಮಾರ್ಚಿಯಲ್ಲಿ ರಾಜೀನಾಮೆ, ಅಕ್ಟೋಬರಿನಲ್ಲಿ ಮತ್ತೆ ಮಂತ್ರಿ. ವಿಚಾರಣೆ ಮುಗಿಯದೆ ಮರಳಿದರೆಂದು ವಿರೋಧ ಪಕ್ಷದವರು ಸಭೆಯಲ್ಲಿ ಅವರ ಮಾತನ್ನೇ ಕೇಳಲು ಒಪ್ಪಲಿಲ್ಲ. ಕೇಳುವುದನ್ನು ಬಿಟ್ಟು ಹೊರನಡೆಯುವುದು ಸರಿಯಾದ ಅಸ್ತ್ರವೇ ಎಂಬುದು ಬೇರೆ ಮಾತು. ಆದರೆ ನಮ್ಮವನು ಮಂತ್ರಿಯಾದರೂ ಪ್ರಶ್ನೆಗೆ ಹೊರತಲ್ಲ. ನಮ್ಮವನಾದರೆ ಇನ್ನೂ ಒಂದು ಪ್ರಶ್ನೆ ಹೆಚ್ಚು ಕೇಳಬೇಕು.

ಈ ಹಕ್ಕು ಸವೆಯುತ್ತಿದೆ, ಸ್ನೇಹಿತರೆ. ಸವೆಸುತ್ತಿರುವವರು ಎರಡು ಕಡೆಯೂ ಇದ್ದಾರೆ. 2005ರ ಡಿಸೆಂಬರಿನಲ್ಲಿ ದುಡ್ಡು ತೆಗೆದುಕೊಂಡು ಪ್ರಶ್ನೆ ಕೇಳಿದರೆಂದು 11 ಮಂದಿ ಸದಸ್ಯರನ್ನು ಸಂಸತ್ತು ಹೊರಹಾಕಿತು. ಪ್ರಶ್ನೆಯೇ ಸಂತೆಯ ಸರಕಾದರೆ ಇನ್ನೇನು ಉಳಿಯಿತು? ಅತ್ತ ಸರ್ಕಾರದ ಕಡೆ ನೋಡಿ. 2020ರ ಸೆಪ್ಟೆಂಬರಿನ ಅಧಿವೇಶನದಲ್ಲಿ ಕೊರೋನಾ ಕಾರಣ ಹೇಳಿ ಪ್ರಶ್ನೋತ್ತರದ ಗಂಟೆಯನ್ನೇ ತೆಗೆದರು; ಬರವಣಿಗೆಯ ಉತ್ತರ ಮಾತ್ರ ಉಳಿಯಿತು. ಅದೇ ಅಧಿವೇಶನದಲ್ಲಿ, ಲಾಕ್‌ಡೌನಿನಲ್ಲಿ ಊರಿಗೆ ಹೊರಟ ಎಷ್ಟು ವಲಸೆ ಕೂಲಿಗಳು ಸತ್ತರು ಎಂದು ಕೇಳಿದ್ದಕ್ಕೆ ಕಾರ್ಮಿಕ ಇಲಾಖೆಯ ಉತ್ತರ: ಅಂಥ ಲೆಕ್ಕ ಇಟ್ಟಿಲ್ಲ. ನಡೆದು ನಡೆದು ದಾರಿಯಲ್ಲಿ ಸತ್ತವನು ಸರ್ಕಾರದ ಪುಸ್ತಕದಲ್ಲಿ ಸತ್ತಿರಲೇ ಇಲ್ಲ. ಬಾಯಿಮಾತಿನ ಗಂಟೆ ಇದ್ದಿದ್ದರೆ, ಏಕೆ ಇಟ್ಟಿಲ್ಲ ಎಂಬ ಒಂದು ಉಪಪ್ರಶ್ನೆಯಾದರೂ ಅಲ್ಲೇ ಬೀಳುತ್ತಿತ್ತು. 2023ರ ಡಿಸೆಂಬರಿನಲ್ಲಿ ಲೋಕಸಭೆಯೊಳಕ್ಕೆ ಆಗಂತುಕರು ನುಗ್ಗಿದ ಬಗ್ಗೆ ಗೃಹಮಂತ್ರಿ ಹೇಳಿಕೆ ಕೊಡಲಿ ಎಂದು ಹಟ ಹಿಡಿದದ್ದಕ್ಕೆ ಎರಡೂ ಸಭೆಗಳಿಂದ 146 ಸದಸ್ಯರನ್ನು ಅಮಾನತು ಮಾಡಿದರು. ಅವರು ಕೊಟ್ಟಿದ್ದ ಪ್ರಶ್ನೆಗಳನ್ನೂ ಪಟ್ಟಿಯಿಂದ ಅಳಿಸಿದರು. ಸದಸ್ಯ ಗದ್ದಲ ಮಾಡಿದನೆನ್ನಿ. ಅವನ ಮೂಲಕ ಕೇಳಿದ ಊರು ಏನು ತಪ್ಪು ಮಾಡಿತ್ತು?

ಹಾಗಾದರೆ ನಾವೇನು ಮಾಡಬೇಕು? ಕೆಲವು ಮಾತು ಹೇಳಿ ಮುಗಿಸುತ್ತೇವೆ.

ಮೊದಲನೆಯದು, ಅರ್ಜಿ ಬರೆಯುವುದನ್ನು ಬಿಟ್ಟು ಪ್ರಶ್ನೆ ಬರೆಯುವುದನ್ನು ಕಲಿಯೋಣ. “ದಯಮಾಡಿ ರೈಲು ಮಾಡಿಸಿಕೊಡಿ” ಎಂಬುದು ಅರ್ಜಿ. “ಮಂಜೂರಾದ ಹಣ ಎಷ್ಟು, ಖರ್ಚಾದದ್ದು ಎಷ್ಟು, ಉಳಿದ ನೆಲ ಎಷ್ಟು ಎಕರೆ, ಮುಗಿಯುವ ದಿನ ಯಾವುದು” ಎಂಬುದು ಪ್ರಶ್ನೆ. ಅರ್ಜಿಗೆ ಭರವಸೆ ಸಿಗುತ್ತದೆ, ಪ್ರಶ್ನೆಗೆ ಅಂಕಿ ಸಿಗುತ್ತದೆ.

ಎರಡನೆಯದು, ಅಧಿವೇಶನಕ್ಕೆ ಒಂದು ತಿಂಗಳು ಮುಂಚೆ ಸದಸ್ಯರ ಕೈಗೆ ಕೊಡಬೇಕು. ಸಭೆ ಸೇರಿದ ಮೇಲೆ ಕೊಟ್ಟರೆ ಮುಯ್ಯಿ ಮುಗಿದ ಮೇಲೆ ಉಡುಗೊರೆ ತಂದಂತೆ. ಒಬ್ಬ ಸದಸ್ಯರು ಒಲ್ಲೆನೆಂದರೆ ಇನ್ನೊಬ್ಬರ ಬಳಿ ಹೋಗಿ, ರಾಜ್ಯಸಭೆಯೂ ಇದೆ.

ಮೂರನೆಯದು, ಉತ್ತರವನ್ನು ಓದಬೇಕು. ಸಂಸತ್ತಿನ ಉತ್ತರಗಳು ಈಗ ಯಾರು ಬೇಕಾದರೂ ತೆಗೆದು ನೋಡುವಂತಿವೆ. “ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸಭೆಯ ಮುಂದೆ ಇಡಲಾಗುವುದು” ಎಂದಿದ್ದರೆ ಅದು ಭರವಸೆ ಎಂದು ಲೆಕ್ಕ. ಮೂರು ತಿಂಗಳಲ್ಲಿ ನಡೆಸಬೇಕು. ನಡೆಸಿದರೋ ಇಲ್ಲವೋ ನೋಡಲೆಂದೇ ಲೋಕಸಭೆ 1953ರಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಮಾಡಿದೆ. ದಿನ ಬರೆದಿಟ್ಟುಕೊಳ್ಳಿ, ಮೂರು ತಿಂಗಳಾದ ಮೇಲೆ ಮತ್ತೆ ಕೇಳಿಸಿ. ಸಾಲಗಾರನ ಬೆನ್ನು ಹತ್ತುವುದು ಅಂಗಡಿಯವರಿಗೆ ನಾವು ಕಲಿಸಬೇಕೆ? ಸಭೆಯಲ್ಲಿ ಸಿಗದ ಉತ್ತರಕ್ಕೆ 2005ರ ಮಾಹಿತಿ ಹಕ್ಕಿನ ಕಾನೂನು ಇದೆ. ಹತ್ತು ರೂಪಾಯಿಯ ಅರ್ಜಿ.

ನಾಲ್ಕನೆಯದು, ಮತ ಕೇಳಲು ಬಂದವರನ್ನು ಒಂದು ಮಾತು ಕೇಳಿ: ಕಳೆದ ಐದು ವರ್ಷದಲ್ಲಿ ನೀವು ಕೇಳಿದ ಪ್ರಶ್ನೆ ಎಷ್ಟು? ಅದರಲ್ಲಿ ಈ ತಾಲ್ಲೂಕಿನದು ಯಾವುದು? ಮದುವೆಗೆ ಬಂದಿದ್ದರು, ತಿಥಿಗೆ ಬಂದಿದ್ದರು ಎಂಬುದು ಒಳ್ಳೆಯ ನೆಂಟನ ಗುಣ. ನಾವು ಆರಿಸಿ ಕಳಿಸಿದ್ದು ನೆಂಟನನ್ನಲ್ಲ.

ಈ ಶಿಬಿರ ಮುಗಿಯುವುದರೊಳಗೆ ಐದು ಪ್ರಶ್ನೆ ಬರೆದು ತಯಾರು ಮಾಡೋಣ ಎಂದು ನಮ್ಮ ಸೂಚನೆ. ಬಿದರೆಹಳ್ಳ ಕಾವಲಿನ ಕೆಲಸದ ಲೆಕ್ಕ ಒಂದು. ಎರಡು ರೈಲು ಮಾರ್ಗಗಳದು ಒಂದು. ಅಡಿಕೆ ಆಮದಿನದು ಒಂದು. ಹೇಮಾವತಿ ನೀರಿನದು ವಿಧಾನಸೌಧಕ್ಕೆ ಒಂದು. ಐದನೆಯದನ್ನು ನೀವೇ ಹೇಳಬೇಕು. ಇಲ್ಲಿ ಕುಳಿತ ತಾಯಂದಿರು ಹೇಳಿದರೆ ಇನ್ನೂ ಸಂತೋಷ. ಕಾಗದ, ಪೆನ್ಸಿಲು ತಂದಿದ್ದೇವೆ. ಭಾಷಣ ಸಾಕು, ಬರೆಯಲು ಕೂರೋಣ.